ಎಡಗೈಯ ಕಿರುಬೆರಳು

ಬಳ್ಳಾರಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ, ಫೋಟೊ ಆ್ಯಪ್‌ನಲ್ಲಿದ್ದ ಅಂಗಡಿಯ ಬಿಸಿನೆಸ್ ಅಕೌಂಟ್ ನೋಡಿಕೊಳ್ಳುವ ಹೊಣೆಯೂ ನನ್ನ ಪಾಲಿಗೆ ಬಂತು. ಹೊಸ ಸೀರೆಗಳನ್ನು ಬೊಂಬೆಗೆ ಉಡಿಸಿ ಫೋಟೊ ಹಾಕುತ್ತಿದ್ದೆವು; ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಂದು ದಿನ ನಾನೇ ಉಟ್ಟು ನಿಂತೆ. ಮುಖ ಕಾಣಬಾರದೆಂದು ಮನೆಯಲ್ಲಿ ಅತ್ತೆ ಕಟ್ಟುನಿಟ್ಟಾಗಿ ಹೇಳಿದ್ದರಿಂದ ಕತ್ತಿನಿಂದ ಮೇಲಿನದನ್ನು ಕತ್ತರಿಸಿ ಹಾಕಿದೆ. ಅಂದೇ ಸಿರುಗುಪ್ಪದಿಂದ, ಕುರುಗೋಡಿನಿಂದ ಸೀರೆ ಕೇಳಿ ಮೆಸೇಜುಗಳು ಬಂದವು. ಅಲ್ಲಿಂದ ಮುಂದೆ ದಿನವೂ ಅಂಗಡಿ ತೆರೆದ ಕೂಡಲೇ ಒಂದು ಸೀರೆ ಉಟ್ಟು, ಎಡಗೈಯಲ್ಲಿ ಸೆರಗು ಹಿಡಿದು ನಿಲ್ಲುವುದು ರೂಢಿಯಾಯಿತು. ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕಿದ್ದರಿಂದ ನನ್ನ ಎಡಗೈಯ ಕಿರುಬೆರಳು ಮಡಚುವುದಿಲ್ಲ. ಎಲ್ಲ ಫೋಟೊಗಳಲ್ಲೂ ಅದೊಂದು ನೆಟ್ಟಗೆ ನಿಂತಿರುತ್ತಿತ್ತು.

ಒಂದು ಮಧ್ಯಾಹ್ನ ಅಂಗಡಿಯ ಅಕೌಂಟಿಗೆ ವಾಯ್ಸ್ ಮೆಸೇಜ್ ಬಂತು. ವಯಸ್ಸಾದ ಹೆಂಗಸಿನ ದನಿ. ಹಿಂದೆ ಹಿಟ್ಟಿನ ಗಿರಣಿ ಓಡುತ್ತಿತ್ತು.

“ನೀಲಿ ಸೀರಿ ಚಂದ ಕಾಣತೈತಿ ಮಗಳ. ಕೈ ಯಾಕ ಸೊರಗೈತಿ? ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲೇನು?”

ಗಿರಾಕಿಗಳು ಅವ್ವ, ಮಗಳ ಎನ್ನುವುದು ಇದ್ದದ್ದೇ. ‘ಯಾವ ಸೀರೆ ಬೇಕು ಹೇಳ್ರಿ’ ಎಂದು ಬರೆದೆ. ಮರುದಿನ ಅದೇ ಹೊತ್ತಿಗೆ ಇನ್ನೊಂದು: “ಕೆಂಪು ಉಡಬ್ಯಾಡ. ಮದಿವಿಯಾಗ ಉಟ್ಟಿದ್ದೂ ಕೆಂಪ ಅಲ್ಲೇನು?” ಮೂರನೆಯ ದಿನ: “ಹಿಂದ ಕನ್ನಡಿ ಐತಲ್ಲ, ಒಂಚೂರು ಸರಿದು ನಿಂತಿದ್ರ ಮಖ ಕಾಣತಿತ್ತು. ಯಾಕ ಮುಚ್ಚಿಡತಿ?”

ಫೋಟೊ ತೆರೆದು ನೋಡಿದೆ. ನನ್ನ ಹಿಂದೆ ಕನ್ನಡಿಯ ಅಂಚು, ಅದರಲ್ಲಿ ನನ್ನದೇ ಅರ್ಧ ಕಿವಿ. ಹಾಕುವಾಗ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ನೀವು ಅಂದುಕೊಂಡವಳು ನಾನಲ್ಲ, ತಪ್ಪು ತಿಳಿದಿದ್ದೀರಿ ಎಂದು ನಾನೂ ವಾಯ್ಸ್ ಮೆಸೇಜ್ ಕಳಿಸಿದೆ.

“ದನಿ ಬದಲಾಗೈತಿ,” ಎಂದು ಉತ್ತರ ಬಂತು. “ಬೆರಳು ಸುಳ್ಳು ಹೇಳತೈತೇನು?”

ಅಂಗಡಿಯ ಮಾಲೀಕರಿಗೆ ಹೇಳಿದೆ. “ಬ್ಲಾಕ್ ಮಾಡಬ್ಯಾಡಮ್ಮ. ದಿನಾ ಎಲ್ಲಾ ಫೋಟೊ ನೋಡತಾರ, ಲೈಕ್ ಒತ್ತತಾರ. ಅಕೌಂಟಿಗೆ ಒಳ್ಳೇದ,” ಎಂದರು.

ಸೀರೆ ಉಡುವಾಗ ಯಾರೋ ಎದುರಿಗೆ ಕೂತು ನೋಡುತ್ತಿದ್ದಾರೆ ಅನಿಸತೊಡಗಿತು. ಕೊನೆಗೆ ನಾನೇ ಕೇಳಿದೆ, ನಿಮ್ಮ ಮನೆ ಎಲ್ಲಿ ಎಂದು. “ನಿನಗ ಗೊತ್ತಿಲ್ಲೇನು? ಕುರುಗೋಡು, ಗಿರಣಿ ಮಗ್ಗಲಕ.” ಮುಖ ಕಂಡರೆ ಎಲ್ಲ ಬಗೆಹರಿಯುತ್ತದೆ ಅಂದುಕೊಂಡು ರಜೆಯ ದಿನ ಬಸ್ಸು ಹತ್ತಿದೆ.

ಗುಡ್ಡದ ಬಂಡೆಗಳ ಕೆಳಗೆ ಒಂಟಿ ಕೋಣೆಯ ಮನೆ. ಆಕೆ ಹೊಸ್ತಿಲಲ್ಲೇ ಕೂತಿದ್ದರು. ಮೊದಲು ಅವರ ಕಣ್ಣು ಬ್ಯಾಗು ಹಿಡಿದಿದ್ದ ನನ್ನ ಕೈ ಮೇಲೆ ಬಿತ್ತು. ನಾನು ಮಾತಾಡಲು ಬಗ್ಗುತ್ತಲೇ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡರು.

“ಮಖ ಮುಚ್ಚಿಕೋ. ಆಮ್ಯಾಲ ಒಳಗ ಬಾ.”

ಸೆರಗು ಮುಖದ ಮೇಲೆ ಎಳೆದುಕೊಂಡು ಒಳಗೆ ಕೂತೆ. ಆಕೆ ಟ್ರಂಕಿನಿಂದ ಒಂದು ಮದುವೆಯ ಫೋಟೊ ತೆಗೆದು ನನ್ನ ತೊಡೆಯ ಮೇಲಿಟ್ಟರು. ನೀರಿಳಿದು ಮದುಮಗಳ ಮುಖವೆಲ್ಲ ಬಿಳಿ ಕಲೆಯಾಗಿತ್ತು. ಅದರ ಕೆಳಗೆ ಕೆಂಪು ಸೀರೆ, ಸೆರಗು ಹಿಡಿದ ಎಡಗೈ, ನೆಟ್ಟಗೆ ನಿಂತ ಕಿರುಬೆರಳು. ಚಿಕ್ಕಂದಿನಲ್ಲಿ ಮಗಳು ಬಂಡೆಯಿಂದ ಬಿದ್ದು ಹಾಗಾದದ್ದಂತೆ.

ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ತವರಿಗೆ ಹೋಗುತ್ತೇನೆಂದು ಅಲ್ಲಿ ಬಸ್ಸು ಹತ್ತಿದವಳು ಇಲ್ಲಿ ಇಳಿಯಲಿಲ್ಲ. ಪೊಲೀಸರಿಗೆ ಹೇಳಿದರು, ಅಕ್ಕಿ ಗಿರಣಿಗಳಲ್ಲಿ ವಿಚಾರಿಸಿದರು, ಕೆಂಚನಗುಡ್ಡದ ಹೊಳೆದಂಡೆಯವರೆಗೂ ಹುಡುಕಿದರು. ಉಳಿದದ್ದು ಇದೊಂದೇ ಫೋಟೊ.

“ನಾನು ಅಕಿ ಅಲ್ಲಬೇ,” ಎಂದೆ. “ಒಮ್ಮೆ ನೋಡಿಬಿಡ್ರಿ.”

“ಬ್ಯಾಡ. ಅಕಿ ಮಖ ದಿನಾ ಒಂಚೂರು ಮರತು ಹೊಂಟೈತಿ. ಈಗ ನಿನ್ನ ಮಖ ನೋಡಿದ್ರ ಅದ ಬಂದು ಅಲ್ಲಿ ಕುಂದ್ರತೈತಿ.”

ಗಿರಣಿ ನಿಲ್ಲುವವರೆಗೆ ಆಕೆ ನನ್ನ ಕಿರುಬೆರಳು ಹಿಡಿದು ಕೂತಿದ್ದರು. ಸೆರಗಿನೊಳಗೆ ನನ್ನ ಉಸಿರು ನನಗೇ ಬಿಸಿಯಾಗಿ ತಾಗುತ್ತಿತ್ತು. ಬಿಡಿಸಿಕೊಳ್ಳಲು ಧೈರ್ಯವಾಗಲಿಲ್ಲ.

ಅವರನ್ನು ಕೇಳಿಯೇ ಆ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಂದು ಅಂಗಡಿಯ ಅಕೌಂಟಿನಲ್ಲಿ ಹಾಕಿದೆ. ಈ ಕೈಯ ಗುರುತಿದ್ದವರು ತಿಳಿಸಿ, ಕುರುಗೋಡಿನಲ್ಲಿ ತಾಯಿ ಕಾಯುತ್ತಿದ್ದಾರೆ ಎಂದು ಬರೆದೆ. ಮಾಲೀಕರು ಮುಖ ಸಿಂಡರಿಸಿದರು, ಬೇಡವೆನ್ನಲಿಲ್ಲ. ಸೀರೆ ಕೊಳ್ಳುವ ಹೆಂಗಸರೆಲ್ಲ ಅದನ್ನು ಒಬ್ಬರಿಂದೊಬ್ಬರಿಗೆ ಕಳಿಸಿದರು. ಕೆಲವು ದಿನಗಳ ಮೇಲೆ ಹೆಸರೂ ಚಿತ್ರವೂ ಇಲ್ಲದ ಒಂದು ಅಕೌಂಟಿನಿಂದ ಮೆಸೇಜು ಬಂತು. ‘ಅದನ್ನ ತೆಗೀರಿ. ನಾನು ಬದುಕಿದೀನಿ. ಗಂಡನ ಮನೆಯವರಿಗೆ ಗೊತ್ತಾಗಬಾರದು. ಅವ್ವಗ ಮಾತ್ರ ತೋರಿಸ್ರಿ.’ ಕೆಳಗೆ ಒಂದು ಫೋಟೊ: ಹಸಿರು ಗೋಡೆಗೆ ಒತ್ತಿಟ್ಟ ಎಡಗೈ. ನಾಲ್ಕು ಬೆರಳು ಮಡಚಿದ್ದವು, ಒಂದು ಮಡಚಿರಲಿಲ್ಲ.

ಹಾಕಿದ್ದನ್ನು ಆ ಕ್ಷಣವೇ ಅಳಿಸಿದೆ. ಆಮೇಲೆ ನನ್ನ ಕೈಯನ್ನು ಅವಳು ಕಳಿಸಿದ ಫೋಟೊದ ಪಕ್ಕಕ್ಕೆ ಹಿಡಿದು ನೋಡಿದೆ. ನಡುವಿನ ಗೆಣ್ಣು ಊದಿದ್ದು ಕೂಡ ಒಂದೇ ಥರ ಇತ್ತು.

ಮತ್ತೆ ಕುರುಗೋಡಿಗೆ ಹೋದೆ, ಮತ್ತೆ ಸೆರಗು ಮುಚ್ಚಿಕೊಂಡೆ. ಆಕೆ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಇದು ನಿನ್ನ ಕೈ,” ಎಂದರು. “ದಿನಾ ನೋಡೀನಿ, ಗೊತ್ತಾಗಂಗಿಲ್ಲೇನು? ನನ್ನ ಸಮಾಧಾನಕ್ಕ ತಕ್ಕೊಂಡು ಬಂದೀಯವ್ವ.”

ಆಣೆ ಇಟ್ಟು ಹೇಳಿದೆ. ಆಕೆ ಸೆರಗಿನ ಮೇಲಿಂದಲೇ ನನ್ನ ತಲೆ ಸವರಿದರು, ಅಷ್ಟೆ.

ಬಸ್ಸಿನಲ್ಲಿ ಕೂತು ಆ ಅಕೌಂಟಿಗೆ ಬರೆದೆ: ‘ನಿಮ್ಮ ಅವ್ವ ನಂಬುತ್ತಿಲ್ಲ. ನಿಮ್ಮ ದನಿಯಲ್ಲೇ ಒಂದು ಮಾತು ಕಳಿಸಿ.’ ಎರಡು ದಿನ ಬಿಟ್ಟು ಬಂತು. ವಾಹನಗಳ ಸದ್ದಿನ ನಡುವೆ, ಸಣ್ಣ ದನಿ: “ಅವ್ವ, ನಾ ಅದೀನಿ. ಅಳಬ್ಯಾಡ.” ಕುರುಗೋಡಿಗೆ ಹಾಗೆಯೇ ಕಳಿಸಿದೆ. ಅಷ್ಟರಲ್ಲಿ ಮಗಳ ಆ ಅಕೌಂಟೇ ಮಾಯವಾಗಿತ್ತು.

ಮರುದಿನ ಮಧ್ಯಾಹ್ನ ಆಕೆಯ ವಾಯ್ಸ್ ಮೆಸೇಜ್ ಬಂತು. ಹಿಂದೆ ಗಿರಣಿ ಓಡುತ್ತಿತ್ತು.

“ಇದು ಅಕಿದ ದನಿ. ಹಂಗಾರ ನೀ ಯಾರವ್ವ?”

ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವಳು ಎಂದು ನನ್ನ ದನಿಯಲ್ಲೇ ಹೇಳಿ ಕಳಿಸಿದೆ. ಆಕೆ ಅದನ್ನು ಕೇಳಿದ ಗುರುತು ಮೊಬೈಲಿನಲ್ಲಿ ಬಿತ್ತು. ಅಲ್ಲಿಗೆ ಆ ಮೆಸೇಜುಗಳು ನಿಂತವು. ನಾನು ಉಟ್ಟು ನಿಲ್ಲುವುದನ್ನೂ ಬಿಟ್ಟೆ. ಮಾಲೀಕರು ಗೊಣಗಿದರು, ಬೊಂಬೆಗೆ ಉಡಿಸಿದರೆ ಯಾರು ನೋಡುತ್ತಾರೆ ಎಂದು. ನಾನು ಬೊಂಬೆಯ ಸೆರಗು ಸರಿಮಾಡಿ ಫೋಟೊ ತೆಗೆದೆ.