ಅಮ್ಮನ ಸೀರೆಗೆ ಎಬಿಸಿಡಿ ಮಾಲಕಿ

ಗೆಳೆಯರೇ, ನನಗಿನ್ನೂ ನಂಬಲಾಗುತ್ತಿಲ್ಲ. ದೊಡ್ಡಬಳ್ಳಾಪುರದಲ್ಲಿ ನಮ್ಮಮ್ಮ ಗಂಗಮ್ಮ ನೇಯುವ ಸೀರೆಗಳಿಗೊಂದು ವೆಬ್‌ಸೈಟ್ ಮಾಡೋಣವೆಂದು ಇವತ್ತು ಬೆಳಿಗ್ಗೆ ಕುಳಿತೆ. ನೋಂದಣಿ ಕಂಪನಿಯವರು ವೆಬ್ ವಿಳಾಸವನ್ನು ಕನ್ನಡದಲ್ಲೇ ಕೊಟ್ಟರು, ಖುಷಿಯಾಯಿತು. ಆದರೆ ಅರ್ಜಿಯಲ್ಲಿ ಮಾಲೀಕರ ಹೆಸರಿನ ಜಾಗದಲ್ಲಿ ಅಮ್ಮನ ಹೆಸರನ್ನು ಕನ್ನಡದಲ್ಲಿ ಬರೆದರೆ, 'ಸರಿಯಾದ ಹೆಸರು ಹಾಕಿ' ಎಂದು ಕೆಂಪಕ್ಷರ! ಎಷ್ಟು ಸಲ ಹಾಕಿದರೂ ಅದೇ. ರೇಗಿಹೋಗಿ ಇಂಗ್ಲಿಷಿನಲ್ಲಿ ಎಬಿಸಿಡಿ ಎಂದು ಒತ್ತಿದೆ. 'ಅಭಿನಂದನೆಗಳು, ಎಬಿಸಿಡಿ ಅವರೇ' ಎಂದು ನೋಂದಣಿಯನ್ನೇ ಮುಗಿಸಿಬಿಟ್ಟಿತು!

ಅಮ್ಮ ಮಗ್ಗ ನಿಲ್ಲಿಸಿ ಬಂದು ಪರದೆ ನೋಡಿದಳು. "ಮಗ್ಗ ನಂದು, ಸೀರೆ ನಂದು. ಇವಳ್ಯಾವಳೋ ಎಬಿಸಿಡಿ?"

ಗಾಬರಿಯಾಗಿ ಆ ಕಂಪನಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ಅಚ್ಚ ಕನ್ನಡದಲ್ಲೇ ಹೇಳಿದಳು, "ಹೆಸ್ರು ಬದಲಾಯಿಸ್ಬೇಕು ಅಂದ್ರೆ ಓನರ್ ಒಪ್ಪಿಗೆ ಬೇಕು ಸಾರ್. ಎಬಿಸಿಡಿ ಅವ್ರನ್ನೇ ಲೈನಿಗೆ ಕರೀರಿ."

ಅದನ್ನೇ ಅಮ್ಮನಿಗೆ ಹೇಳಿದೆ. ಅಮ್ಮ ಫೋನ್ ಕಿತ್ತುಕೊಂಡಳು.

"ಹಲೋ, ನಾನೇ ಕಣಮ್ಮ ಎಬಿಸಿಡಿ. ನನ್ನೆಸ್ರು ಗಂಗಮ್ಮ ಅಂತ ಬರ್ಕೋ."

"ಆಯ್ತು ಎಬಿಸಿಡಿ ಮೇಡಂ. ಇಂಗ್ಲಿಷ್ ಸ್ಪೆಲ್ಲಿಂಗ್ ಹೇಳಿ."

ಅಮ್ಮನಿಗೆ ಬರುವ ಇಂಗ್ಲಿಷ್ ಅಕ್ಷರಗಳು ಆ ನಾಲ್ಕೇ ನಾಲ್ಕು.