ಮಾವನಿಗೆ ಕೊಟ್ಟ ನೀಲಿ ಪೊಟ್ಟಣ

ವಾರ್ಡಿನಲ್ಲಿ ಎಲ್ಲರೂ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಮೂಗಿನ ಆಪರೇಷನ್ನಿಗೆ ಸರಿಯಾಗಿ ಎರಡು ಗಂಟೆ ಮುಂಚೆ, ಒಂದು ಗುಟುಕು ನೀರಿನ ಜೊತೆ ರೋಗಿಗೆ ಮಾತ್ರೆ ನುಂಗಿಸುವುದು ಅವನ ಕೆಲಸ. ತಾನು ಅರ್ಧ ಡಾಕ್ಟರು ಎಂದು ಹೇಳಿಕೊಳ್ಳುತ್ತಿದ್ದ. ಉಳಿದರ್ಧ ಏನಪ್ಪಾ ಎಂದು ಹಿರಿಯ ನರ್ಸ್ ಕೇಳಿದರೆ, ಬಕೆಟ್ ತೊಳೆಯುವವನು ಎಂದು ತಾನೇ ಮೊದಲು ನಗುತ್ತಿದ್ದ.

ಆ ವರ್ಷ ಅರಿವಳಿಕೆಯ ಡಾಕ್ಟರಮ್ಮ ಎರಡು ಮಾತ್ರೆಗಳನ್ನು ಹೋಲಿಸಿ ನೋಡುತ್ತಿದ್ದರು. ಎರಡೂ ರಕ್ತದೊತ್ತಡ, ನಾಡಿ ತಗ್ಗಿಸಿ, ಕತ್ತರಿ ಆಡುವಾಗ ರಕ್ತ ಹೆಚ್ಚು ಸೋರದಂತೆ ನೋಡಿಕೊಳ್ಳುವಂಥವು. ಯಾವುದು ಮೇಲು ಎಂಬುದೇ ಪ್ರಶ್ನೆ. ಒಂದು ಬಿಳಿ ಪೊಟ್ಟಣದಲ್ಲಿ, ಇನ್ನೊಂದು ನೀಲಿಯಲ್ಲಿ. ಯಾರಿಗೆ ಯಾವುದು ಎಂದು ಚೀಟಿ ಎತ್ತಿ ಗೊತ್ತುಮಾಡಿದ ಪಟ್ಟಿ ಅವನ ಬಳಿಯಿತ್ತು. ಹೋಲಿಕೆಯಲ್ಲಿ ಪಕ್ಷಪಾತ ಬಾರದಿರಲೆಂದು, ಆಪತ್ತು ಬಂದರೆ ಮಾತ್ರ ಡಾಕ್ಟರಮ್ಮ ಅದನ್ನು ನೋಡಬೇಕು.

ಆಪರೇಷನ್ನಿನಲ್ಲಿ ಹೀರಿ ತೆಗೆದ ರಕ್ತ ತುಂಬುವ ಬಾಟಲಿ ತೊಳೆಯುವವನೂ ಅವನೇ. ನೀಲಿ ನುಂಗಿದವರ ಬಾಟಲಿ ಅಷ್ಟಾಗಿ ತುಂಬುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಮೊದಲ ಹತ್ತು ಹನ್ನೆರಡು ಬಾಟಲಿಗಳಿಗೇ ಡಾಕ್ಟರಮ್ಮನ ಪ್ರಶ್ನೆಗೆ ಉತ್ತರ ಹುಡುಕಿ ಮುಗಿಸಿದ್ದ.

ಹೀಗಿರುವಾಗ ಸೋದರಮಾವನೇ ಆಪರೇಷನ್ನಿಗೆ ಬಂದು ಸೇರಿದರು. ಅಪ್ಪನಿಲ್ಲದ ಮನೆಗೆ ಹೆಗಲು ಕೊಟ್ಟವರು. ಪಟ್ಟಿಯಲ್ಲಿ ಅವರಿಗೆ ಬಿಳಿ ಬಂದಿತ್ತು.

"ಏನಯ್ಯಾ, ನಮಗೂ ಒಳ್ಳೇದೇ ಕೊಡ್ತೀಯೋ, ಇಲ್ಲ ಮಿಕ್ಕಿದ್ದೋ?" ಎಂದು ಮಾವ ಛೇಡಿಸಿದರು.

ಅಳಿಯ ನೀಲಿಯನ್ನು ಬಿಚ್ಚಿ ನುಂಗಿಸಿ, ಬಿಳಿಯ ಮುಂದೆ ಗುರುತು ಹಾಕಿದ. ಪುಣ್ಯದ ಕೆಲಸ ಮಾಡಿದವನ ಹಾಗೆ ಎದೆಯುಬ್ಬಿಸಿಕೊಂಡು ನಡೆದ.

ಅವನು ಹತ್ತಿಯ ಡಬ್ಬಿ ಹಿಡಿದು ಆಪರೇಷನ್ ಕೋಣೆಗೆ ಬಂದಾಗ ಯಂತ್ರದ ಟಿಕ್ ಟಿಕ್ ನಿಧಾನವಾಗುತ್ತಿತ್ತು. ನಾಡಿ ಐವತ್ತಕ್ಕೆ ಇಳಿಯಿತು, ನಲವತ್ತೆರಡಾಯಿತು, ಮೂವತ್ತಾರಾಯಿತು. ಸರ್ಜನ್ ಕೈ ಹಿಂದಕ್ಕೆ ತೆಗೆದರು. ಕೊಟ್ಟ ಇಂಜೆಕ್ಷನ್ನಿಗೆ ನಾಡಿ ಏಳಲಿಲ್ಲ. ಡಾಕ್ಟರಮ್ಮ ಪಟ್ಟಿ ತರಿಸಿದರು. ಬಿಳಿ ಎಂದು ನರ್ಸ್ ಓದಿದರು. ಎರಡು ಮಾತ್ರೆಗೂ ಮರುಮದ್ದು ಬೇರೆ ಬೇರೆ. ಡಾಕ್ಟರಮ್ಮ ಬಿಳಿಗೆ ತಕ್ಕದ್ದನ್ನು ಕೇಳತೊಡಗಿದರು.

ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಮಾವ. ಇಷ್ಟು ಸಣ್ಣ ಲೆಕ್ಕಕ್ಕೆ ಅವನು ತೆಗೆದುಕೊಂಡದ್ದು ಆ ಯಂತ್ರದ ಮೂರು ಟಿಕ್. ಅದೂ ಅಷ್ಟು ನಿಧಾನದ ಟಿಕ್.

"ನೀಲಿ ಮೇಡಂ. ನಾನೇ ಬದಲಾಯಿಸಿ ಕೊಟ್ಟೆ. ನಮ್ಮ ಮಾವ ಅವರು."

ಡಾಕ್ಟರಮ್ಮ ತಲೆಯೆತ್ತದೆ ಬೇರೆ ಮದ್ದಿನ ಹೆಸರು ಹೇಳಿದರು. ಎಷ್ಟೋ ಹೊತ್ತಿನ ಮೇಲೆ ನಾಡಿ ಐವತ್ತು ದಾಟಿತು. ಕೈಯಲ್ಲಿದ್ದ ಹತ್ತಿಯ ಡಬ್ಬಿಯನ್ನು ಅವನು ಆಗ ಕೆಳಗಿಟ್ಟ.

ಮಧ್ಯಾಹ್ನ ಡಾಕ್ಟರಮ್ಮ ಅವನನ್ನು ಕರೆಸಿದರು. ನೀಲಿಯೇ ಮೇಲೆಂದು ಹೇಳಿದವರು ಯಾರು ಎಂದರು. ಅವನು ಬಾಟಲಿಗಳ ಕಥೆ ಹೇಳಿದ.

"ಮೂಗು ತೊಳೆದ ನೀರೂ ಅದೇ ಬಾಟಲಿಗೇ ಹೋಗುತ್ತೆ. ಯಾರಿಗೆ ಎಷ್ಟು ನೀರು ಬಿಟ್ವಿ ಅಂತ ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅರ್ಧ ಡಾಕ್ಟರು ಬರೀ ನೀರು ನೋಡಿ ಮಾವನ ಪ್ರಾಣಕ್ಕೆ ಕೈ ಹಾಕಿದ್ದ.

"ಇನ್ನೆಷ್ಟು ಜನಕ್ಕೆ ಹೀಗೆ ಮಾಡಿದೀಯ?"

"ಮಾವ ಒಬ್ಬರಿಗೇ, ಮೇಡಂ."

ಅದು ನಿಜವೇ ಆಗಿತ್ತು. ನಂಬಲು ಕಾರಣ ಮಾತ್ರ ಅವರ ಬಳಿ ಉಳಿದಿರಲಿಲ್ಲ. ಡಾಕ್ಟರಮ್ಮ ಪೆನ್ನು ತೆಗೆದು, ಹೋಲಿಕೆಗೆ ಅದುವರೆಗೆ ಸೇರಿದ್ದ ಎಪ್ಪತ್ತೆಂಟು ರೋಗಿಗಳ ಪಟ್ಟಿಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆದರು.