ಮೆಟ್ಟಿಲಿಲ್ಲದ ವಿಹಾರ

ನಮ್ಮವ್ವ ಎಲ್ಲಿಗೆ ಹೋದರೂ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಬ್ಯಾಂಕು, ಆಸ್ಪತ್ರೆ, ನಾನು ಗುಮಾಸ್ತನಾಗಿರುವ ಚಿಕ್ಕೋಡಿಯ ಕಚೇರಿ, ಎಲ್ಲಿ ನೋಡಿದರೂ ಚಪ್ಪಲಿಗಳ ಪಕ್ಕದ ಕೆಳಗಿನ ಮೆಟ್ಟಿಲೇ ಅವಳ ಜಾಗ. ಒಳಗೆ ಬಾ ಅಂದರೆ ಯಾವಾಗಲೂ ಒಂದೇ ಉತ್ತರ: "ಇಲ್ಲೇ ಚಲೋ ಗಾಳಿ ಐತಿ."

ಗಾಳಿ ಬರೀ ನೆಪವೆಂದು ನನಗೆ ಗೊತ್ತಿತ್ತು. ಜೀವನದುದ್ದಕ್ಕೂ ಕಬ್ಬಿನ ಹೊಲದಲ್ಲಿ ದುಡಿದವಳು, ಒಳಗೆ ಬಿಡದ ಹೊಲದೊಡೆಯರ ಮನೆ ಮುಂದೆ ಮೆಟ್ಟಿಲ ಮೇಲೆ ಕಾಯುತ್ತಲೇ ಮುಪ್ಪಾದವಳು. ಈಗ ಅವಳನ್ನು ತಡೆಯುವವರು ಯಾರೂ ಇರಲಿಲ್ಲ, ಆದರೂ ಮೆಟ್ಟಿಲು ಕಂಡಲ್ಲಿ ಅವಳ ಕಾಲುಗಳು ನಿಂತುಬಿಡುತ್ತಿದ್ದವು. ನಾನು ಒಂದೆರಡು ಸಲ ಕರೆದು, ಆಮೇಲೆ ಸುಮ್ಮನಾಗುತ್ತಿದ್ದೆ.

ಬೇಡಕಿಹಾಳದ ಹತ್ತಿರದ ನಮ್ಮೂರಲ್ಲಿ, ಓಣಿಯ ಬೌದ್ಧರೆಲ್ಲ ಸೇರಿ ಬುದ್ಧವಿಹಾರ ಕಟ್ಟಿಸಲು ಹೊರಟಾಗ ನಾನೂ ಕಮಿಟಿಯಲ್ಲಿದ್ದೆ. ನಿಪ್ಪಾಣಿಯಿಂದ ಒಬ್ಬ ಆರ್ಕಿಟೆಕ್ಟ್ ಹೆಣ್ಣುಮಗಳನ್ನು ಕರೆಸಿದೆವು. ನಾವು ನಕ್ಷೆಗೆ ಕಾಯುತ್ತಿದ್ದರೆ ಆಕೆ ಟೇಪನ್ನೂ ಬಿಚ್ಚದೆ ಎರಡು ದಿನ ಓಣಿಯಲ್ಲಿ ಅಡ್ಡಾಡಿದಳು, ಅವರಿವರ ಮನೆ ಮೆಟ್ಟಿಲ ಮೇಲೆ ನಮ್ಮವ್ವನ ಜೊತೆ ಶೇಂಗಾ ಸುಲಿಯುತ್ತ ಕೂತಳು. ಇದೆಂಥ ಕೆಲಸ ಎಂದು ನನಗೆ ಸಿಟ್ಟೇ ಬಂತು.

ನನಗೆ ಬೇಕಾಗಿದ್ದದ್ದು ಹನ್ನೊಂದು ಮೆಟ್ಟಿಲು. ಅಥಣಿಗೆ ಹೋದರೂ ರಾಯಬಾಗಕ್ಕೆ ಹೋದರೂ ದೊಡ್ಡವರ ಕಟ್ಟಡಗಳೆಲ್ಲ ಎತ್ತರದಲ್ಲಿವೆ, ನಮ್ಮದನ್ನೂ ಜನ ತಲೆಯೆತ್ತಿ ನೋಡಬೇಕು ಎಂಬುದು ನನ್ನ ಹಟ. ನಾಲ್ಕಕ್ಷರ ಕಲಿತು ನೌಕರಿ ಹಿಡಿದ ನಮ್ಮಂಥವರು ಮಾಡುವ ತಪ್ಪೇ ಇದು. ಯಾರ ಮೆಟ್ಟಿಲ ಕೆಳಗೆ ನಿಂತು ಬೆಳೆದೆವೋ ಅವರಂಥದ್ದೇ ಮೆಟ್ಟಿಲು ನಮಗೂ ಬೇಕಾಗುತ್ತದೆ.

ಆಕೆ ತಂದ ನಕ್ಷೆಯಲ್ಲಿ ಒಂದು ಮೆಟ್ಟಿಲೂ ಇರಲಿಲ್ಲ. ಓಣಿಯ ದಾರಿಯೇ ಏರಿದ್ದು ಗೊತ್ತಾಗದ ಹಾಗೆ ಏರುತ್ತ ನೇರ ಒಳಗೆ ಹೋಗುತ್ತಿತ್ತು. ಚಪ್ಪಲಿ ಬಿಡುವ ಜಾಗ ಪಕ್ಕದ ಗೋಡೆಯ ಮರೆಯಲ್ಲಿತ್ತು. ಮೀಟಿಂಗಿನಲ್ಲಿ ನಾನು ಹರಿಹಾಯ್ದೆ. ಊರಿಗೆಲ್ಲ ಇರುವ ಮೆಟ್ಟಿಲು ನಮಗೆ ಮಾತ್ರ ಯಾಕಿಲ್ಲ, ನಾವೇನು ಕಡಿಮೆಯೇ ಎಂದು ಕೇಳಿದೆ. ಆಕೆ ದನಿ ಏರಿಸಲಿಲ್ಲ.

"ಅಣ್ಣಾರ, ಮೆಟ್ಟಿಲ ಕಟ್ಟಿದ್ರ ನಿಮ್ಮವ್ವಾರು ಅಲ್ಲೇ ಕುಂದರ್ತಾರ. ಮತ್ತ ಒಳಗಿಂದು ಯಾರ ಸಲುವಾಗಿ ಕಟ್ಟೂದ್ರಿ?"

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಗನಾಗಿ ನಾನು ಕಂಡೂ ಬಿಟ್ಟಿದ್ದನ್ನು ಆಕೆ ಎರಡೇ ದಿನದಲ್ಲಿ ಕಂಡು ನಕ್ಷೆಗೆ ಇಳಿಸಿದ್ದಳು. ಹನ್ನೊಂದು ಮೆಟ್ಟಿಲನ್ನು ಅಲ್ಲಿಗೇ ಕೈಬಿಟ್ಟೆ.

ವಿಹಾರ ತೆರೆದ ದಿನ ನಾನು ಅವ್ವನ ಹಿಂದೆಯೇ ನಡೆದೆ. ಇವಳು ಹೊರಗೇ ಉಳಿದರೆ ಕಟ್ಟಿದ್ದೆಲ್ಲ ನನ್ನ ಪಾಲಿಗೆ ವ್ಯರ್ಥ ಎಂದುಕೊಳ್ಳುತ್ತಿದ್ದೆ. ಅವಳು ಗೋಡೆಯ ಮರೆಗೆ ಚಪ್ಪಲಿ ಬಿಟ್ಟಳು, ಕೂರಲು ಮೆಟ್ಟಿಲು ಹುಡುಕಿದಳು. ಸಿಗಲಿಲ್ಲ. ಮುಂದೆ ಮುಂದೆ ನಡೆಯುತ್ತ, ಒಳಗೆ ಬಂದದ್ದು ತನಗೇ ತಿಳಿಯುವ ಮೊದಲು ವಿಹಾರದ ನಟ್ಟನಡುವೆ ಇದ್ದಳು. ಎರಡೂ ಗೋಡೆಗಳಲ್ಲಿ, ನೆಲದ ಮೇಲೆ ಕೂತವರ ಎತ್ತರಕ್ಕೆ ಸರಿಯಾಗಿ, ಆರ್ಕಿಟೆಕ್ಟ್ ಕಿಟಕಿ ಇಡಿಸಿದ್ದಳು. ಅವ್ವ ಒಂದು ಗಳಿಗೆ ನಿಂತು ಸುತ್ತ ನೋಡಿದಳು, ಆಮೇಲೆ ಸೆರಗು ಸರಿಪಡಿಸಿಕೊಂಡು ಅಲ್ಲೇ ಕೂತಳು.

ಆ ಹೆಣ್ಣುಮಗಳಿಗೆ ಅವತ್ತು ಶಾಲು ಹೊದಿಸಿ ಎರಡು ಮಾತಾಡಬೇಕಾದವನು ನಾನೇ. ಶಾಲು ಹೊದಿಸಿ, ಮಾತಿನ ಬದಲು ಕೈಮುಗಿದು ನನ್ನ ಜಾಗಕ್ಕೆ ಹೋಗಿ ಕೂತೆ. ಅವತ್ತು ಆಡಲಾಗದ ಆ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ವಂದನೆ ಮುಗಿದ ಮೇಲೆ ಹೊರಗೆ ಚಹಾ ಕೊಡುತ್ತಿದ್ದರು. ಬಾ ಎಂದು ಅವ್ವನನ್ನು ಕರೆದೆ. ಅವಳು ಕೂತಲ್ಲಿಂದ ಕದಲಲಿಲ್ಲ.

"ಇಲ್ಲೇ ತಂದು ಕೊಡೋ. ಇಲ್ಲೇ ಚಲೋ ಗಾಳಿ ಐತಿ."

ವಿಹಾರದೊಳಗೆ ಚಹಾ ತರಕೂಡದೆಂದು ಕಮಿಟಿಯಲ್ಲಿ ನಿಯಮ ಮಾಡಿಸಿದವನು ನಾನೇ. ತಂದುಕೊಟ್ಟೆ.